ಮಾದರಿ ಗ್ಲೈಡರುಗಳೂ ಮರಗಳೂ

ಎಂಜಿನ್ನಿಲ್ಲದ ಮಾದರಿ ಗ್ಲೈಡರನ್ನು ರೇಡಿಯೋ ನಿಯಂತ್ರಣದಿಂದ ಹಾರಿಸುವವರಿಗೆ ಗಾಳಿಗಿಂತ ಮರವೇ ದೊಡ್ಡ ತೊಡಕು. ರೈಟ್ ಸಹೋದರರು 1900ರಲ್ಲಿ ತಮ್ಮ ಗ್ಲೈಡರಿಗಾಗಿ ಉತ್ತರ ಕೆರೊಲಿನಾದ ಕಿಟ್ಟಿ ಹಾಕ್ ತೀರವನ್ನು ಆರಿಸಿಕೊಂಡದ್ದು ಬೀಸುಗಾಳಿ ಮತ್ತು ಮೆತ್ತನೆಯ ಮರಳಿನ ಜೊತೆಗೆ ಮರಗಳಿಲ್ಲದ ಬಯಲಿಗಾಗಿಯೂ ಹೌದು. ಒಳನಾಡಿನಲ್ಲಿ ಆ ಅನುಕೂಲವಿಲ್ಲ. ಅಟ್ಲಾಂಟಾ ಮತ್ತು ಕೆರೊಲಿನಾಗಳಲ್ಲಿ ಪಾಳುಬಿದ್ದ ಹತ್ತಿಹೊಲಗಳನ್ನು ಆವರಿಸಿದ ಲಾಬ್ಲಾಲಿ ಪೈನ್, ವಾಷಿಂಗ್ಟನ್ನಿನ ಸುತ್ತಲಿನ ಟ್ಯೂಲಿಪ್ ಮರ, ಎರಡೂ 30 ಮೀಟರ್ ಎತ್ತರಕ್ಕೆ ಸಲೀಸಾಗಿ ಬೆಳೆಯುತ್ತವೆ.

ರೆಕ್ಕೆಯ ತುದಿ ಹಿಡಿದು ಗಿರ್ರನೆ ತಿರುಗಿ ಎಸೆಯುವ, 1.5 ಮೀಟರ್ ಅಗಲದ ಹಗುರ ಗ್ಲೈಡರು ಮೇಲೇರುತ್ತಿರುವ ಬಿಸಿಗಾಳಿಯನ್ನು ಹುಡುಕಿ ಎತ್ತರ ಗಳಿಸುತ್ತದೆ. ಆ ಬಿಸಿಗಾಳಿಯೋ ಬೀಸುಗಾಳಿಯೊಡನೆ ಸರಿಯುತ್ತ ಹೋಗುತ್ತದೆ. ಅದನ್ನು ಬೆನ್ನಟ್ಟಿದ ಗ್ಲೈಡರು ಬಯಲಿನ ಅಂಚನ್ನು ದಾಟುತ್ತದೆ. ಮರಳುವಾಗ ಎದುರುಗಾಳಿ. ಮರಸಾಲಿನ ಮರೆಯಲ್ಲಿ ಸುಳಿಯುವ ಗಾಳಿ ಅದನ್ನು ಕೆಳಕ್ಕೆ ಒತ್ತುವುದೂ ಉಂಟು.

ಇದಕ್ಕಿಂತ ಮೋಸ ಮಾಡುವುದು ಕಣ್ಣು. ಎರಡು ಕಣ್ಣುಗಳಿಂದ ದೂರವನ್ನು ಅಳೆಯುವ ನಮ್ಮ ಶಕ್ತಿ ನೂರಾರು ಅಡಿಗಳಾಚೆ ಕುಂದುತ್ತದೆ. ಗ್ಲೈಡರು ಇನ್ನೂ ಮರದ ಈಚೆಗಿದೆಯೆಂದು ನಂಬಿರುವಾಗಲೇ ಅದು ರೆಂಬೆಗೆ ಸಿಕ್ಕಿರುತ್ತದೆ. ಎಲೆಗಳ ಹಿಂದೆ ಮರೆಯಾದರೆ ಆಚೆಗಿರುವುದು ಖಚಿತ. ಆದರೆ ಆಗ ತಡವಾಗಿರುತ್ತದೆ.

ಇಳಿಸಲು ಉದ್ದನೆಯ ಗಳು ಬೇಕು; ಇಲ್ಲವೇ ತೂಕ ಕಟ್ಟಿದ ದಾರವನ್ನು ಕೊಂಬೆಯ ಮೇಲೆ ಎಸೆದು ಅಲುಗಿಸಬೇಕು. ತೆಂಗಿನ ಮರ ಹತ್ತಿ ಬೆಳೆದವರಿಗೂ ಪೈನಿನ ಸಾಹಸ ಬೇಡ: ಕಾಡಿನಲ್ಲಿ ಬಲಿತ ಪೈನಿಗೆ ಬಹಳ ಎತ್ತರದವರೆಗೆ ಕೊಂಬೆಗಳೇ ಇರುವುದಿಲ್ಲ. ಹತ್ತಿರ ವಿದ್ಯುತ್ ತಂತಿಯಿದ್ದರೆ ಗಳುವನ್ನೂ ಎತ್ತಬಾರದು. ಜಜ್ಜಿದ ಲಿಥಿಯಂ ಬ್ಯಾಟರಿಯನ್ನು ಕಾರಿನೊಳಗೆ ಇಡಬಾರದು. ಅದು ತುಸು ಹೊತ್ತಿನ ನಂತರವೂ ಹೊತ್ತಿಕೊಳ್ಳಬಹುದು.