ಪದ ಪರಿಚಯ: ಅವಕಾಶ

ಅವಕಾಶ

ಸಂವಿಧಾನದ ಪ್ರಸ್ತಾವನೆಯಲ್ಲಿ ಸಮಾನತೆಯೊಡನೆ ಜೋಡಿಯಾಗಿ, 16ನೆಯ ಅನುಚ್ಛೇದದಲ್ಲಿ ಸರ್ಕಾರಿ ನೌಕರಿಗೆ ಅನ್ವಯಿಸಿ ಬರುವ ಈ ಶಬ್ದದ ಮೂಲ, ಬೆಳಗು, ಕಾಣು ಎಂಬರ್ಥದ ‘ಕಾಶ್’ ಧಾತು. ಆಕಾಶವೂ ಅದರ ಸಂತಾನವೇ. ಹಳೆಯ ಅರ್ಥ ತೆರಪು, ಎಡೆ. ತರುವಾಯ ಸಮಯ, ಸಂದರ್ಭ. ಹಿಂದಿಯವರಿಗೆ ಇದು ರಜೆ, ಮರಾಠಿಗರಿಗೆ ಅಂತರಿಕ್ಷವೂ ಹೌದು. ಮಲಯಾಳದಲ್ಲಾದರೋ ಹಕ್ಕೇ ಆಗಿ, ನಮ್ಮ ಮಾನವ ಹಕ್ಕು ಅಲ್ಲಿ ‘ಮನುಷ್ಯಾವಕಾಶ’ವೆನಿಸಿದೆ.

ಸಮಾನ ಅವಕಾಶವೆಂದರೆ ಎಡೆಯೊಂದನ್ನು ಬಿಟ್ಟುಕೊಟ್ಟರೆ ಸಾಕು, ಫಲ ಅವರವರ ಪಾಡು ಎನ್ನುವವರು, ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದರೆಂಬ ದೂರಿನಿಂದ 1918ರಲ್ಲಿ ಮೈಸೂರಿನಲ್ಲಿ ಮಿಲ್ಲರ್ ಸಮಿತಿ ನೇಮಕವಾದುದನ್ನು ನೆನೆಯಬೇಕು. ಫಲವನ್ನು ನೋಡದೆ ತೆರಪನ್ನು ಅಳೆಯುವುದೆಂತು? ಅದೇ 16ನೆಯ ಅನುಚ್ಛೇದದ 4ನೆಯ ಖಂಡವು ಹಿಂದುಳಿದ ವರ್ಗಗಳಿಗೆ ಮೀಸಲಾತಿಯನ್ನು ಒಪ್ಪುವಾಗ ಕೇಳುವುದೂ ಅವರಿಗೆ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯ ದೊರೆತಿದೆಯೇ ಎಂದೇ.