ಅಬ್ಬರವಿಲ್ಲದ ಆಟಗಳು: ಆಡಿ ನೋಡಬೇಕಾದ ಹತ್ತು ವಿಡಿಯೋ ಗೇಮ್‌ಗಳು

ಬೆಂಗಳೂರು: ಬೆಳಗಿನ ಹೊತ್ತು ಕೆಂಗೇರಿಯಿಂದ ಮೆಜೆಸ್ಟಿಕ್ ಕಡೆಗೆ ಹೊರಟ ಮೆಟ್ರೋ ರೈಲನ್ನು ಹತ್ತಿದವರಿಗೆ ಒಂದು ನೋಟ ಚಿರಪರಿಚಿತ. ವಿಜಯನಗರ ನಿಲ್ದಾಣ ಬರುವಷ್ಟರಲ್ಲಿ ಬೋಗಿ ತುಂಬಿರುತ್ತದೆ. ನಿಂತವರ ಕೈಯಲ್ಲೂ ಕುಳಿತವರ ಕೈಯಲ್ಲೂ ಮೊಬೈಲ್, ಅನೇಕರ ಪರದೆಯ ಮೇಲೆ ಯಾವುದಾದರೊಂದು ಗೇಮ್. ಗುಂಡು ಹಾರಿಸುವುದು, ಬಣ್ಣದ ಮಿಠಾಯಿ ಜೋಡಿಸುವುದು, ನಾಣ್ಯ ಬಾಚಿಕೊಳ್ಳುವುದು. ಇವುಗಳಲ್ಲಿ ಬಹುಪಾಲು ಆಟಗಳಿಗೆ ಕೊನೆ ಎಂಬುದಿಲ್ಲ. ನಡುನಡುವೆ ಜಾಹೀರಾತು ಬರುತ್ತದೆ, ಮುಂದಿನ ಹಂತಕ್ಕೆ ದುಡ್ಡು ಕೇಳುತ್ತದೆ.

ನಗರದ ಮನೆಗಳಲ್ಲಿ ‘ಗೇಮ್’ ಎಂಬ ಪದಕ್ಕೆ ಕೆಟ್ಟ ಹೆಸರು ಬಂದಿರುವುದು ಸುಮ್ಮನಲ್ಲ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇಂತಹ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ನೀಡಿತು. ಇಷ್ಟೆಲ್ಲ ನಡೆಯುವಾಗ ತಂದೆ ತಾಯಂದಿರ ಮನಸ್ಸಿನಲ್ಲಿ ಎಲ್ಲ ಗೇಮ್‌ಗಳೂ ಒಂದೇ ಸಾಲಿಗೆ ಸೇರಿಬಿಟ್ಟವು.

ಆದರೆ ಎಲ್ಲವೂ ಒಂದೇ ಅಲ್ಲ. ಒಮ್ಮೆ ಹಣ ಕೊಟ್ಟು ಕೊಂಡರೆ ಮತ್ತೆ ಕಾಸು ಕೇಳದ, ಕಥೆಯ ಪುಸ್ತಕದಂತೆ ಒಂದು ದಿನ ಮುಗಿಯುವ, ಇಂಗ್ಲಿಷ್ ಬಾರದವರೂ ಆಡಬಹುದಾದ ಆಟಗಳ ಒಂದು ವರ್ಗವೇ ಇದೆ. ಅವುಗಳ ಕಿರುಪರಿಚಯ ಇಲ್ಲಿದೆ.

ಏನಿದು ‘ಇಂಡಿ’, ಏನಿದು ‘ಪ್ಲಾಟ್‌ಫಾರ್ಮರ್’?

ದೊಡ್ಡ ಕಂಪನಿಗಳ ಬಂಡವಾಳ, ಒತ್ತಡಗಳಿಂದ ಹೊರಗುಳಿದು ಒಬ್ಬರೋ, ಹತ್ತಾರು ಮಂದಿಯ ತಂಡವೋ ರೂಪಿಸುವ ಆಟಗಳನ್ನು ‘ಇಂಡಿ’ ಎನ್ನುತ್ತಾರೆ. ಸಿನಿಮಾ ಲೋಕದಲ್ಲಿ ಹೊಸ ಅಲೆಯ ಚಿತ್ರಗಳಿಗೆ ಯಾವ ಸ್ಥಾನವಿದೆಯೋ ಗೇಮ್ ಲೋಕದಲ್ಲಿ ಇವುಗಳಿಗೆ ಹೆಚ್ಚುಕಡಿಮೆ ಅದೇ ಸ್ಥಾನ.

ಪ್ಲಾಟ್‌ಫಾರ್ಮರ್ ಎಂದರೆ ನೆಗೆತದ ಆಟ. ತೊಂಬತ್ತರ ದಶಕದಲ್ಲಿ ಟಿ.ವಿ.ಗೆ ಜೋಡಿಸುವ ಕ್ಯಾಸೆಟ್ ಗೇಮ್‌ನಲ್ಲಿ ಮಾರಿಯೋ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಇಲ್ಲಿ ಹೇಳುತ್ತಿರುವ ಆಟಗಳಲ್ಲಿ ಅಂಕ, ವೇಗ, ಗೆಲುವುಗಳಿಗೆ ಮಹತ್ವ ಕಡಿಮೆ. ಅಪರಿಚಿತ ಊರೊಂದರಲ್ಲಿ ಅಡ್ಡಾಡುವುದು, ದಾರಿ ಹುಡುಕುವುದು, ಬೆಳಕು ನೆರಳುಗಳನ್ನೂ ಸಂಗೀತವನ್ನೂ ಅನುಭವಿಸುವುದು ಮುಖ್ಯ. ಕಥೆಯನ್ನು ಆಟ ಹೇಳುವುದಿಲ್ಲ, ಆಡುವವನೇ ಕಂಡುಕೊಳ್ಳುತ್ತಾನೆ.

ಮಾತೇ ಬೇಡದ ಆಟಗಳು

1. ಲಿಂಬೋ
ತಯಾರಕರು: ಪ್ಲೇಡೆಡ್, ಡೆನ್ಮಾರ್ಕ್. ವರ್ಷ: 2010. ಅವಧಿ: ಸುಮಾರು 4 ಗಂಟೆ. ಲಭ್ಯತೆ: ಕಂಪ್ಯೂಟರ್, ಕನ್ಸೋಲ್, ಮೊಬೈಲ್.

ಕಪ್ಪು ಬಿಳುಪಿನ ಕಾಡಿನಲ್ಲಿ ಪುಟ್ಟ ಬಾಲಕನೊಬ್ಬ ಕಣ್ಣು ಬಿಡುತ್ತಾನೆ. ತಂಗಿಯನ್ನು ಹುಡುಕುತ್ತ ಹೊರಡುತ್ತಾನೆ. ಇಡೀ ಆಟ ನೆರಳು ಬೆಳಕಿನಲ್ಲೇ ನಡೆಯುವುದರಿಂದ ತೊಗಲುಗೊಂಬೆಯಾಟ ಕಂಡವರಿಗೆ ಆ ಪರದೆಯೇ ನೆನಪಾಗುತ್ತದೆ. ನಡೆಯುವುದು, ನೆಗೆಯುವುದು, ವಸ್ತುವನ್ನು ಹಿಡಿದೆಳೆಯುವುದು ಇಷ್ಟೇ ಕಲಿಯಬೇಕಾದದ್ದು. ತಪ್ಪಿದರೆ ಬಾಲಕ ಸಾಯುವ ದೃಶ್ಯಗಳು ಕ್ರೂರವಾಗಿವೆ. ಚಿಕ್ಕ ಮಕ್ಕಳಿಗೆ ಬೇಡ.

2. ಇನ್‌ಸೈಡ್
ತಯಾರಕರು: ಪ್ಲೇಡೆಡ್. ವರ್ಷ: 2016. ಅವಧಿ: ಸುಮಾರು 4 ಗಂಟೆ. ಲಭ್ಯತೆ: ಕಂಪ್ಯೂಟರ್, ಕನ್ಸೋಲ್, ಐಫೋನ್.

ಅದೇ ತಂಡದ ಮುಂದಿನ ಕೃತಿ. ಇಲ್ಲೂ ಓಡುವ ಹುಡುಗನೊಬ್ಬನಿದ್ದಾನೆ. ಆದರೆ ಭಯ ಕಾಡಿನದಲ್ಲ. ಸ್ವಂತ ಬುದ್ಧಿ ಕಳೆದುಕೊಂಡು ಸಾಲಾಗಿ ನಡೆಯುವ ಮನುಷ್ಯರದು. ಒಂದೇ ಒಂದು ಮಾತಿಲ್ಲದೆ ಅಧಿಕಾರ, ವಿಧೇಯತೆಗಳ ಕುರಿತು ಯೋಚನೆಗೆ ಹಚ್ಚುತ್ತದೆ. ವಯಸ್ಕರಿಗೆ ಮಾತ್ರ.

3. ಗ್ರಿಸ್
ತಯಾರಕರು: ನೊಮಾಡಾ ಸ್ಟುಡಿಯೋ, ಬಾರ್ಸಿಲೋನಾ. ವರ್ಷ: 2018. ಅವಧಿ: 3ರಿಂದ 4 ಗಂಟೆ. ಲಭ್ಯತೆ: ಕಂಪ್ಯೂಟರ್, ಕನ್ಸೋಲ್, ಮೊಬೈಲ್.

ಚಿತ್ರಕಲಾವಿದ ಕಾನ್ರಾಡ್ ರೊಸೆಟ್ ಅವರ ಜಲವರ್ಣದಂತಹ ಚಿತ್ರಗಳು ಈ ಆಟದ ಜೀವಾಳ. ಹಾಡುತ್ತಿದ್ದ ಯುವತಿಯ ದನಿ ಆರಂಭದಲ್ಲೇ ಉಡುಗಿಹೋಗುತ್ತದೆ. ಲೋಕದ ಬಣ್ಣವೂ ಅಳಿಸಿಹೋಗುತ್ತದೆ. ಆಟ ಮುಂದುವರಿದಂತೆ ಒಂದೊಂದೇ ಬಣ್ಣ ಮರಳುತ್ತದೆ. ಇಲ್ಲಿ ಸಾವಿಲ್ಲ, ಸೋಲಿಲ್ಲ.

ಬಸವೇಶ್ವರನಗರದ ಈ ವರದಿಗಾರನ ಮನೆಯಲ್ಲಿ ಒಂದು ಸಂಜೆ ಈ ಆಟ ನಡೆದಿತ್ತು. ತಂದೆಯವರು ತೀರಿಕೊಂಡ ವರ್ಷವದು. ತಾಯಿಗೆ ಇಂಗ್ಲಿಷ್ ಓದಲು ಬಾರದು. ಗೇಮ್ ಎಂದರೆ ಅವರಿಗೆ ಅಷ್ಟಕ್ಕಷ್ಟೇ. ಅಡುಗೆಮನೆಯಿಂದ ಬಂದವರು ಪರದೆಯನ್ನೇ ನೋಡುತ್ತ ನಿಂತು, ‘ಯಾಕೋ, ಈ ಹುಡುಗಿ ಬಾಯೇ ಬಿಡ್ತಿಲ್ಲ? ಯಾರನ್ನ ಕಳ್ಕೊಂಡಿದಾಳೆ?’ ಎಂದು ಕೇಳಿದರು. ಆಟದಲ್ಲಿ ಎಲ್ಲೂ ಬರೆದಿರದ ಸಂಗತಿಯನ್ನು ಅವರು ಎರಡೇ ನಿಮಿಷದಲ್ಲಿ ಓದಿಕೊಂಡಿದ್ದರು. ಕೊನೆಯವರೆಗೂ ಪಕ್ಕದಲ್ಲೇ ಕುಳಿತರು.

4. ಜರ್ನಿ
ತಯಾರಕರು: ದಟ್‌ಗೇಮ್‌ಕಂಪನಿ, ಅಮೆರಿಕ. ವರ್ಷ: 2012. ಅವಧಿ: ಸುಮಾರು 2 ಗಂಟೆ. ಲಭ್ಯತೆ: ಪ್ಲೇಸ್ಟೇಷನ್, ಕಂಪ್ಯೂಟರ್, ಐಫೋನ್.

ಮರಳುಗಾಡು, ದೂರದಲ್ಲೊಂದು ಬೆಟ್ಟ, ಅದರ ತುದಿಯಲ್ಲಿ ಬೆಳಕು. ಕೆಂಪು ನಿಲುವಂಗಿಯ ಯಾತ್ರಿಕ ಅಲ್ಲಿಗೆ ನಡೆಯಬೇಕು. ಇಂಟರ್‌ನೆಟ್ ಸಂಪರ್ಕವಿದ್ದರೆ ದಾರಿಯಲ್ಲಿ ಇನ್ನೊಬ್ಬ ಯಾತ್ರಿಕ ಎದುರಾಗಬಹುದು. ಆತ ಜಗತ್ತಿನ ಯಾವುದೋ ಮೂಲೆಯಲ್ಲಿ ಇದೇ ಆಟ ಆಡುತ್ತಿರುವ ನಿಜವಾದ ವ್ಯಕ್ತಿ. ಹೆಸರು ತಿಳಿಯದು, ಮಾತನಾಡಲು ಸಾಧ್ಯವಿಲ್ಲ. ಒಂದು ಸಣ್ಣ ನಾದ ಹೊರಡಿಸಿ ಕರೆಯಬಹುದು ಅಷ್ಟೇ. ಬೈಗುಳ, ಜಗಳಗಳಿಗೆ ಹೆಸರಾದ ಆನ್‌ಲೈನ್ ಆಟಗಳ ನಡುವೆ ಇದೊಂದು ಅಪರೂಪ. ಆಸ್ಟಿನ್ ವಿಂಟರಿ ಅವರ ಸಂಗೀತ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು. ವಿಡಿಯೋ ಗೇಮ್ ಒಂದರ ಇಡೀ ಹಿನ್ನೆಲೆ ಸಂಗೀತಕ್ಕೆ ಅಂತಹ ಗೌರವ ಸಂದದ್ದು ಅದೇ ಮೊದಲು.

5. ಮಾನ್ಯುಮೆಂಟ್ ವ್ಯಾಲಿ
ತಯಾರಕರು: ಅಸ್‌ಟೂ, ಲಂಡನ್. ವರ್ಷ: 2014. ಅವಧಿ: ಸುಮಾರು 2 ಗಂಟೆ. ಲಭ್ಯತೆ: ಮೊಬೈಲ್, ಕಂಪ್ಯೂಟರ್.

ನೆಗೆತವಿಲ್ಲ, ಬೆರಳಿನಿಂದ ಕಟ್ಟಡಗಳನ್ನು ತಿರುಗಿಸಿ ದಾರಿ ಮಾಡಿಕೊಡುವುದಷ್ಟೇ. ಚಿತ್ರಕಾರ ಎಷರ್‌ನ ಅಸಾಧ್ಯ ಮೆಟ್ಟಿಲುಗಳನ್ನು ಹೋಲುವ ಗೋಪುರಗಳಲ್ಲಿ ಪುಟ್ಟ ರಾಜಕುಮಾರಿ ಇಡಾ ನಡೆಯುತ್ತಾಳೆ. ಅಲ್ಲಲ್ಲಿ ಒಂದೆರಡು ಸಾಲು ಇಂಗ್ಲಿಷ್ ಬಂದರೂ ಆಟಕ್ಕೆ ಅಡ್ಡಿಯಾಗದು. ಮೆಟ್ರೋ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಮಕ್ಕಳೂ ಆಡಬಹುದು.

ಉಚಿತವಾಗಿ ಸಿಗುವುದು

6. ನಿಟ್ ಸ್ಟೋರೀಸ್
ತಯಾರಕರು: ನಿಕ್ಲಾಸ್ ನೈಗ್ರೆನ್ (ನಿಫ್ಲಾಸ್), ಸ್ವೀಡನ್. ವರ್ಷ: 2007. ಲಭ್ಯತೆ: ವಿಂಡೋಸ್ ಕಂಪ್ಯೂಟರ್.

2000ದ ದಶಕದಲ್ಲಿ ನಗರದ ಸೈಬರ್ ಕೆಫೆಗಳಲ್ಲಿ ಕೌಂಟರ್ ಸ್ಟ್ರೈಕ್‌ನ ಗುಂಡಿನ ಸದ್ದು ಮೊಳಗುತ್ತಿದ್ದ ದಿನಗಳಲ್ಲಿ ಒಬ್ಬ ವ್ಯಕ್ತಿ ರೂಪಿಸಿ ಉಚಿತವಾಗಿ ಹಂಚಿದ ಆಟವಿದು. 2006ರ ‘ನಿಟ್’ ಇದರ ಅಣ್ಣ. ಚುಕ್ಕೆಯಷ್ಟು ಗಾತ್ರದ ಪಾತ್ರವೊಂದು ಬೆಟ್ಟ ಗುಹೆಗಳನ್ನು ಹತ್ತಿಳಿಯುತ್ತದೆ. ಬಹಳ ಸರಳ ಚಿತ್ರಗಳು, ಮೆಲ್ಲನೆಯ ಸಂಗೀತ. ಆಡುವವರೇ ಹೊಸ ಲೋಕಗಳನ್ನು ಕಟ್ಟಲು ಸಾಧನವೂ ಜೊತೆಯಲ್ಲೇ ಇದೆ. ಹಳೆಯ ಕಂಪ್ಯೂಟರ್ ಸಾಕು.

ಸ್ವಲ್ಪ ಓದಬೇಕಾದ, ಪಳಗಬೇಕಾದ ಆಟಗಳು

7. ಓರಿ ಆ್ಯಂಡ್ ದಿ ಬ್ಲೈಂಡ್ ಫಾರೆಸ್ಟ್
ತಯಾರಕರು: ಮೂನ್ ಸ್ಟುಡಿಯೋಸ್. ವರ್ಷ: 2015. ಅವಧಿ: 8ರಿಂದ 10 ಗಂಟೆ. ಲಭ್ಯತೆ: ಕಂಪ್ಯೂಟರ್, ಕನ್ಸೋಲ್.

ಬತ್ತಿಹೋಗುತ್ತಿರುವ ಕಾಡಿಗೆ ಮತ್ತೆ ಜೀವ ತುಂಬಲು ಹೊರಟ ಅನಾಥ ಮರಿಯ ಕಥೆ. ಮೊದಲ ಹತ್ತು ನಿಮಿಷಕ್ಕೇ ಕಣ್ಣು ಒದ್ದೆಯಾದವರುಂಟು. ಮೈಕ್ರೋಸಾಫ್ಟ್ ಪ್ರಕಟಿಸಿದ ಆಟವಾದ್ದರಿಂದ ಕಟ್ಟಾ ಅರ್ಥದಲ್ಲಿ ಇಂಡಿ ಅಲ್ಲ ಎಂಬ ವಾದವಿದೆ; ತಯಾರಿಸಿದ್ದು ಮಾತ್ರ ಹಲವು ದೇಶಗಳಲ್ಲಿ ಚದುರಿದ್ದ ಸ್ವತಂತ್ರ ತಂಡ. ನಿರೂಪಣೆ ಕಲ್ಪಿತ ಭಾಷೆಯಲ್ಲಿದ್ದು ಅಡಿಬರಹ ಓದಬೇಕು. ನೋಡಲು ಮುದ್ದಾಗಿದ್ದರೂ ಆಟ ಕಠಿಣ. 2020ರಲ್ಲಿ ಎರಡನೆಯ ಭಾಗ ಬಂದಿದೆ.

8. ಹಾಲೋ ನೈಟ್
ತಯಾರಕರು: ಟೀಮ್ ಚೆರ್ರಿ, ಆಸ್ಟ್ರೇಲಿಯಾ. ವರ್ಷ: 2017. ಅವಧಿ: 30 ಗಂಟೆಗೂ ಹೆಚ್ಚು. ಲಭ್ಯತೆ: ಕಂಪ್ಯೂಟರ್, ಕನ್ಸೋಲ್.

ಅಡಿಲೇಡ್‌ನ ಬೆರಳೆಣಿಕೆಯ ಮಂದಿ 2014ರಲ್ಲಿ ಸಾರ್ವಜನಿಕರಿಂದ ಸುಮಾರು 57 ಸಾವಿರ ಆಸ್ಟ್ರೇಲಿಯನ್ ಡಾಲರ್ ಸಂಗ್ರಹಿಸಿ ಕಟ್ಟಿದ ಆಟ. ನೆಲದಡಿಯಲ್ಲಿ ಹಾಳುಬಿದ್ದ ಕೀಟಗಳ ಸಾಮ್ರಾಜ್ಯ. ಹೊಸ ಪ್ರದೇಶಕ್ಕೆ ಕಾಲಿಟ್ಟಾಗ ಕೈಯಲ್ಲಿ ನಕ್ಷೆ ಇರುವುದಿಲ್ಲ. ಕತ್ತಲಲ್ಲಿ ಯಾರೋ ಗುನುಗುವುದು ಕೇಳಿಸಿದರೆ ಆ ದಿಕ್ಕಿಗೆ ಹೋಗಬೇಕು. ನಕ್ಷೆ ಮಾರುವವನು ಅಲ್ಲಿರುತ್ತಾನೆ. ಹೊಸ ಶಕ್ತಿ ದೊರೆತಾಗ ಹಿಂದೆ ಮುಚ್ಚಿದ್ದ ಹಾದಿ ತೆರೆಯುವ ಈ ಬಗೆಯ ಆಟಗಳಿಗೆ ಮೆಟ್ರಾಯ್ಡ್‌ವೇನಿಯಾ ಎಂಬ ಹೆಸರಿದೆ. ತಾಳ್ಮೆ ಇದ್ದವರಿಗೆ ಮಾತ್ರ. ಮುಂದಿನ ಭಾಗ ‘ಸಿಲ್ಕ್‌ಸಾಂಗ್’ 2025ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು.

ಸ್ವಂತ ನೆಲ, ಸ್ವಂತ ನುಡಿ

9. ನೆವರ್ ಅಲೋನ್
ತಯಾರಕರು: ಅಪ್ಪರ್ ಒನ್ ಗೇಮ್ಸ್. ವರ್ಷ: 2014. ಅವಧಿ: ಸುಮಾರು 4 ಗಂಟೆ. ಲಭ್ಯತೆ: ಕಂಪ್ಯೂಟರ್, ಕನ್ಸೋಲ್.

ಅಲಾಸ್ಕಾದ ಮೂಲನಿವಾಸಿಗಳ ಸಂಸ್ಥೆಯೊಂದು ಮುಂದೆ ನಿಂತು, ಸಮುದಾಯದ ಹಿರಿಯರನ್ನೂ ಕಥೆಗಾರರನ್ನೂ ಜೊತೆಗೂಡಿಸಿಕೊಂಡು ಮಾಡಿಸಿದ ಆಟ. ನೂನಾ ಎಂಬ ಬಾಲಕಿ ಮತ್ತು ಒಂದು ಹಿಮನರಿ ಹಿಮಗಾಳಿಯ ಮೂಲವನ್ನು ಹುಡುಕಿ ಹೊರಡುತ್ತವೆ. ಇಬ್ಬರು ಜೊತೆಗೂಡಿ ಆಡಬಹುದು. ನಿರೂಪಣೆ ಇರುವುದು ಕೆಲವೇ ಸಾವಿರ ಮಂದಿಯ ನುಡಿಯಾದ ಇನ್ಯುಪಿಯಾಕ್‌ನಲ್ಲಿ. ಇಂಗ್ಲಿಷ್ ಕೆಳಗೆ ಅಡಿಬರಹವಾಗಿ ಬರುತ್ತದೆ. ಆಡುತ್ತ ಹೋದಂತೆ ಆ ಜನರ ಬದುಕಿನ ಕಿರು ಸಾಕ್ಷ್ಯಚಿತ್ರಗಳು ತೆರೆದುಕೊಳ್ಳುತ್ತವೆ.

10. ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್
ತಯಾರಕರು: ನಾಡಿಂಗ್ ಹೆಡ್ಸ್ ಗೇಮ್ಸ್, ಪುಣೆ. ವರ್ಷ: 2020. ಅವಧಿ: ಸುಮಾರು 5 ಗಂಟೆ. ಲಭ್ಯತೆ: ಕಂಪ್ಯೂಟರ್, ಕನ್ಸೋಲ್.

ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕುವ ರಾಜಿಯ ಕಥೆಯನ್ನು ದುರ್ಗೆ, ವಿಷ್ಣು ನಿರೂಪಿಸುತ್ತಾರೆ. ಕೋಟೆ, ಬಾವಿ, ಗೋಡೆಚಿತ್ರಗಳು ನಮ್ಮ ದೇಶದವು. ಕಥೆಯ ಭಾಗಗಳು ನೆರಳುಗೊಂಬೆಯಾಟದ ರೂಪದಲ್ಲಿವೆ. ಕಾಳಗ ಹೆಚ್ಚಿದ್ದರೂ ಗೋಡೆಯೇರಿ ನೆಗೆಯುತ್ತ ಹಳೆಯ ಅರಮನೆಗಳಲ್ಲಿ ಅಲೆಯುವ ಭಾಗ ಸೊಗಸಾಗಿದೆ. ಹಣ ಸಂಗ್ರಹಿಸಲು 2017ರಲ್ಲಿ ನಡೆಸಿದ ಸಾರ್ವಜನಿಕ ಅಭಿಯಾನ ಸೋತರೂ ತಂಡ ಕೈಬಿಡಲಿಲ್ಲ.

ಕನ್ನಡದ ಆಟ ಎಲ್ಲಿ?

ಗೇಮ್ ತಯಾರಿಕೆ ಬೆಂಗಳೂರಿಗೆ ಹೊಸತಲ್ಲ. ದೇಶದ ಮೊದಲ ಗೇಮ್ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಇಲ್ಲೇ ಆರಂಭವಾಯಿತು. ವಿದೇಶಿ ಕಂಪನಿಗಳ ದೊಡ್ಡ ಆಟಗಳಿಗೆ ಚಿತ್ರ, ವಿನ್ಯಾಸ ಒದಗಿಸಿ ಹೆಸರಾಯಿತು. 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಖ್ಯಾತಿಯ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಖರೀದಿಸಿತು. ಅನಿಮೇಷನ್, ಗೇಮಿಂಗ್ ಉದ್ಯಮಕ್ಕಾಗಿ ರಾಜ್ಯ ಸರ್ಕಾರ 2012ರಲ್ಲೇ ಪ್ರತ್ಯೇಕ ನೀತಿ ರೂಪಿಸಿತು. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ.

ಕೌಶಲವಿದೆ, ನೀತಿಯಿದೆ. ಕಥೆಗಂತೂ ಬರವಿಲ್ಲ. ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಲಿಂಬೋ ಜಗತ್ತಿಗೆ ಹೊಸದೆಂದು ತೋರಿಸಿದ ನೆರಳಿನ ಭಾಷೆಯನ್ನು ನಮ್ಮ ಈ ಕಲಾವಿದರು ತಲೆತಲಾಂತರದಿಂದ ಬಲ್ಲರು. ಆದರೆ ಕನ್ನಡದ ದನಿಯಲ್ಲೇ ಕಥೆ ಹೇಳುವ ಒಂದು ಆಟವನ್ನೂ ಈ ಪಟ್ಟಿಗೆ ಸೇರಿಸಲಾಗಲಿಲ್ಲ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4.37 ಕೋಟಿ. ಕೆಲವೇ ಸಾವಿರ ಜನರ ನುಡಿಗೆ ಸಾಧ್ಯವಾದದ್ದು ನಮಗೆ ಅಸಾಧ್ಯವಾಗಬೇಕಿಲ್ಲ.

ಅಲ್ಲಿಯವರೆಗೆ ಮಾತಿಲ್ಲದ ಆಟಗಳೇ ಕನ್ನಡದ ಮನೆಗೆ ಹತ್ತಿರ. ಇಂಗ್ಲಿಷ್ ಬಲ್ಲ ಮಗ, ಕನ್ನಡ ಶಾಲೆಯ ಮೊಮ್ಮಗಳು, ಅಕ್ಷರ ಕಲಿಯದ ಅಜ್ಜಿ, ಮೂವರೂ ಅವುಗಳ ಮುಂದೆ ಸಮಾನರು.

ಆಡುವವರಿಗೆ ಕೆಲವು ಸೂಚನೆಗಳು

* ಮೊದಲ ಬಾರಿ ಆಡುವವರು ಮಾನ್ಯುಮೆಂಟ್ ವ್ಯಾಲಿ ಅಥವಾ ಗ್ರಿಸ್‌ನಿಂದ ಆರಂಭಿಸುವುದು ಒಳಿತು. ಹಾಲೋ ನೈಟ್ ಕೊನೆಗಿರಲಿ.

* ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಮಳಿಗೆಯಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ. ಬೇಸಿಗೆ ಹಾಗೂ ವರ್ಷಾಂತ್ಯದ ರಿಯಾಯಿತಿ ಮಾರಾಟದವರೆಗೆ ಕಾದರೆ ಬಹಳಷ್ಟು ಉಳಿತಾಯ. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳಿ ಕೇಳಬಹುದು.

* ಗಾಂಧಿನಗರದ ಮಾರುಕಟ್ಟೆಗಳಲ್ಲಿ ನಕಲಿ ಸಿ.ಡಿ. ಕೊಳ್ಳುತ್ತಿದ್ದ ಕಾಲ ಮುಗಿಯಿತು. ಸಣ್ಣ ತಂಡಗಳ ಬದುಕು ನಿಂತಿರುವುದು ಮಾರಾಟವಾಗುವ ಒಂದೊಂದು ಪ್ರತಿಯ ಮೇಲೆ. ಕೊಂಡೇ ಆಡಿ.

* ಈ ಆಟಗಳಲ್ಲಿ ಸಂಗೀತಕ್ಕೆ ಅರ್ಧ ಪಾಲು. ಮೆಟ್ರೋದಲ್ಲಿ ಇಯರ್‌ಫೋನ್ ಕಡ್ಡಾಯ ಎಂದುಕೊಳ್ಳಿ. ನಿಮಗೂ ಚೆನ್ನ, ಸಹಪ್ರಯಾಣಿಕರಿಗೂ ಚೆನ್ನ.

* ಮಕ್ಕಳ ಕೈಗೆ ಕೊಡುವ ಮುನ್ನ ಒಮ್ಮೆ ತಾವೇ ಆಡಿ ನೋಡಿ. ಸಾಧ್ಯವಾದರೆ ಪಕ್ಕದಲ್ಲೇ ಕುಳಿತುಕೊಳ್ಳಿ. ಮನೆಯ ಹಿರಿಯರನ್ನೂ ಕರೆಯಿರಿ.