ಪಾತ್ರದ ಮಾತು, ಕರ್ತೃವಿನ ಇಂಗಿತ: ಇ.ಸಿ. ಕಾಮಿಕ್ಸ್ ಚರಿತ್ರೆಯ ಒಂದು ಪ್ರಸಂಗ

ಅಮೆರಿಕದ ಕಾಮಿಕ್ಸ್ ಚರಿತ್ರೆಯಲ್ಲಿ ಇ.ಸಿ. ಪ್ರಕಾಶನದ ಹೆಸರು ಸಾಮಾನ್ಯವಾಗಿ ಭಯಾನಕ ಕಥೆಗಳೊಡನೆ ತಳುಕು ಹಾಕಿಕೊಂಡಿದೆ. ಅವುಗಳ ಮಗ್ಗುಲಲ್ಲೇ ಹೊರಬಂದ ವಿಜ್ಞಾನ ಕಥಾಮಾಲಿಕೆಗಳನ್ನೂ ಜೊತೆಗಿಟ್ಟು ನೋಡಿದಲ್ಲದೆ, 1954ರಲ್ಲಿ ಆ ಪ್ರಕಾಶನಕ್ಕೆ ಒದಗಿದ ವಿಪತ್ತಿನ ಸ್ವರೂಪ ಸ್ಪಷ್ಟವಾಗದೆಂದು ನಾವು ಭಾವಿಸುತ್ತೇವೆ.

ಮ್ಯಾಕ್ಸ್ ಗೇನ್ಸ್ ಸ್ಥಾಪಿಸಿದ ಈ ಸಂಸ್ಥೆಯ ಮೊದಲ ಹೆಸರು 'ಎಜುಕೇಷನಲ್ ಕಾಮಿಕ್ಸ್'. 1947ರಲ್ಲಿ ಅವರು ದೋಣಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಮಗ ವಿಲಿಯಂ ಗೇನ್ಸ್ ಸಂಸ್ಥೆಯ ಹೊಣೆ ಹೊತ್ತರು. ಸಂಪಾದಕ ಆಲ್ ಫೆಲ್ಡ್‌ಸ್ಟೈನ್ ಅವರೊಡಗೂಡಿ 1950ರಲ್ಲಿ, ಮುಂದೆ 'ಟೇಲ್ಸ್ ಫ್ರಂ ದ ಕ್ರಿಪ್ಟ್' ಎಂದು ಪ್ರಸಿದ್ಧವಾದ ಭಯಾನಕ ಮಾಲಿಕೆಯನ್ನೂ 'ವಿಯರ್ಡ್ ಸೈನ್ಸ್', 'ವಿಯರ್ಡ್ ಫ್ಯಾಂಟಸಿ'ಗಳನ್ನೂ ಆರಂಭಿಸಿದರು. ಪ್ರತಿ ಸಂಚಿಕೆಯೂ ಬಿಡಿ ಕಥೆಗಳ ಸಂಕಲನ. ಭಯಾನಕ ಮಾಲಿಕೆಗಳಲ್ಲಿ ಕಥೆ ಹೇಳಲೆಂದೇ ಮೂವರು ವಿಕಾರ ನಿರೂಪಕರಿದ್ದರು. ಬೇತಾಳನ ಕಥೆಗಳನ್ನು ಬಲ್ಲವರಿಗೆ ಇದು ಹೊಸತಲ್ಲ; ಬೇತಾಳ ಕೊನೆಗೆ ಪ್ರಶ್ನೆ ಕೇಳುತ್ತದೆ, ಇವರು ನಗುತ್ತಾರೆ.

1954ರ ಏಪ್ರಿಲ್ 21ರಂದು ಸೆನೆಟ್ ಉಪಸಮಿತಿಯ ಮುಂದೆ ಮನೋವೈದ್ಯ ಫ್ರೆಡ್ರಿಕ್ ವರ್ಥಮ್, ಗೇನ್ಸ್ ಇಬ್ಬರೂ ಸಾಕ್ಷ್ಯ ನುಡಿದರು. ಇ.ಸಿ.ಯ ಕಥೆಯೊಂದರಲ್ಲಿ ಲ್ಯಾಟಿನ್ ಮೂಲದವರನ್ನು ಹೀಯಾಳಿಸುವ ಪದ ಮತ್ತೆ ಮತ್ತೆ ಬರುವುದನ್ನು ವರ್ಥಮ್ ಆಕ್ಷೇಪಿಸಿದರು. ಆದರೆ ಆ ಪದವನ್ನಾಡುವವನು ಕಥೆಯ ಖಳ. ಜನಾಂಗ ದ್ವೇಷದಿಂದ ಗುಂಪು ಕಟ್ಟಿದ ಅವನು ಕೊನೆಗೆ ಕತ್ತಲಲ್ಲಿ ತನ್ನ ಮಗಳನ್ನೇ ಬಲಿಗೊಡುತ್ತಾನೆ. ಗದಾಯುದ್ಧದ ದುರ್ಯೋಧನನ ಮಾತೆಲ್ಲ ರನ್ನನ ಮತವೆಂದು ವಾದಿಸಿದರೆ ಹೇಗೋ ಹಾಗೆ. ವರ್ಥಮ್ ಅವಿವೇಕಿಯಲ್ಲ, 1946ರಲ್ಲಿ ಹಾರ್ಲೆಮಿನ ಬಡ ಕಪ್ಪು ಜನರಿಗಾಗಿ ಚಿಕಿತ್ಸಾಲಯ ತೆರೆದವರು, ಡೆಲವೇರ್ ಶಾಲೆಗಳ ವರ್ಣಭೇದದ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದವರು. ಅವರು ತಮ್ಮ ಗ್ರಂಥದಲ್ಲಿ ಮಕ್ಕಳ ಹೇಳಿಕೆಗಳನ್ನು ತಿರುಚಿ ಬಳಸಿದ್ದುದನ್ನು ಕ್ಯಾರಲ್ ಟಿಲ್ಲಿ 2012ರಲ್ಲಿ ಅವರದೇ ಕಡತಗಳಿಂದ ತೋರಿಸಿಕೊಟ್ಟರು.

ಅದೇ ವರ್ಷ, ಅಂದರೆ 1954ರಲ್ಲಿ, ಪ್ರಕಾಶಕರು ತಾವಾಗಿಯೇ ನೀತಿಸಂಹಿತೆಯೊಂದನ್ನು ರಚಿಸಿಕೊಂಡರು. ಸರ್ಕಾರ ಕಾನೂನು ಮಾಡಲಿಲ್ಲ. ಇ.ಸಿ.ಯ ಭಯಾನಕ ಮಾಲಿಕೆಗಳು ನಿಂತವು. ಉಳಿದ ವಿಜ್ಞಾನ ಮಾಲಿಕೆ 'ಇನ್‌ಕ್ರೆಡಿಬಲ್ ಸೈನ್ಸ್ ಫಿಕ್ಷನ್' ಎಂಬ ಹೊಸ ಹೆಸರು ತಳೆಯಿತು. ಅದರ 33ನೆಯ ಸಂಚಿಕೆಗೆ ಸಿದ್ಧವಾಗಿದ್ದ ಕಥೆಯೊಂದನ್ನು ಸಂಹಿತೆಯ ಅಧಿಕಾರಿಗಳು ತಿರಸ್ಕರಿಸಲು, ಅದರ ಸ್ಥಾನದಲ್ಲಿ 1953ರ 'ಜಡ್ಜ್‌ಮೆಂಟ್ ಡೇ'ಯನ್ನು ಮರುಮುದ್ರಿಸಲು ಗೇನ್ಸ್ ನಿಶ್ಚಯಿಸಿದರು. ಜೋ ಒರ್ಲಾಂಡೊ ಚಿತ್ರಿಸಿದ ಈ ಕಥೆಯಲ್ಲಿ ಭೂಮಿಯ ಪ್ರತಿನಿಧಿಯೊಬ್ಬ ಯಂತ್ರಮಾನವರ ಗ್ರಹವನ್ನು ಪರಿಶೀಲಿಸುತ್ತಾನೆ. ಒಳರಚನೆ ಒಂದೇ ಆದರೂ ನೀಲಿ ಕವಚದವರಿಗೆ ಬೇರೆ ಕೇರಿ, ಕೀಳು ಕೆಲಸ. ಗ್ರಹವಿನ್ನೂ ಗಣರಾಜ್ಯದ ಸದಸ್ಯತ್ವಕ್ಕೆ ಅರ್ಹವಲ್ಲವೆಂದು ತೀರ್ಪಿತ್ತು ಹಿಂದಿರುಗುವಾಗ ಅವನು ಶಿರಸ್ತ್ರಾಣ ತೆಗೆಯುತ್ತಾನೆ. ಆತ ಕಪ್ಪು ಜನಾಂಗದವನು. ಮುಖದ ಮೇಲೆ ಬೆವರ ಹನಿಗಳು.

ನಾಯಕ ಕಪ್ಪಗಿರಬಾರದೆಂದೂ ಬಳಿಕ ಬೆವರನ್ನಾದರೂ ಅಳಿಸಬೇಕೆಂದೂ ಸಂಹಿತೆಯ ಅಧಿಕಾರಿ ಚಾರ್ಲ್ಸ್ ಮರ್ಫಿ ಪಟ್ಟುಹಿಡಿದರೆಂಬುದು ಗೇನ್ಸ್, ಫೆಲ್ಡ್‌ಸ್ಟೈನ್ ನಂತರ ನೀಡಿದ ವಿವರಣೆ. ಒಂದು ಪಕ್ಷದ ನೆನಪೆಂದೇ ಇದನ್ನು ಓದಬೇಕು. ಆದರೂ ಹಿಂಸೆ ಭೀಭತ್ಸಗಳಿಲ್ಲದ ಕಥೆಗೆ ಬಂದ ಈ ಆಕ್ಷೇಪಕ್ಕೆ ಸಂಹಿತೆಯ ಬರಹದಲ್ಲಿ ಆಧಾರವಿರಲಿಲ್ಲ. ಜನಾಂಗಗಳ ನಿಂದೆಯನ್ನು ಅದು ನಿಷೇಧಿಸಿತ್ತಷ್ಟೆ. ವಿಷಯವನ್ನು ಬಹಿರಂಗಗೊಳಿಸುವುದಾಗಿ ಗೇನ್ಸ್ ಬೆದರಿಸಿದರು. ಕಥೆ ಬದಲಾವಣೆಯಿಲ್ಲದೆ 1956ರ ಆರಂಭದ ಸಂಚಿಕೆಯಲ್ಲಿ ಅಚ್ಚಾಯಿತು. ಇ.ಸಿ. ಹೊರತಂದ ಕೊನೆಯ ಕಾಮಿಕ್ಸ್ ಪುಸ್ತಕ ಅದೇ. ಉಳಿದದ್ದು 'ಮ್ಯಾಡ್' ಒಂದೇ. ಅದು 1955ರಲ್ಲಿಯೇ ನಿಯತಕಾಲಿಕದ ಆಕಾರ ತಳೆದು ಸಂಹಿತೆಯ ಕೈಗೆ ಸಿಗದಂತಾಗಿತ್ತು.